ಎತ್ತುವ ಮೊದಲು

ಹರಿದ ಟಿಕೀಟಿನಲ್ಲಿ ಅರ್ಧ ನನ್ನದು, ಅರ್ಧ ಅವರದು.
ಇಪ್ಪತ್ತಾರು ವರ್ಷದಿಂದ ಇದೇ ಪಾಲು.
ಜುಲೈ ತಿಂಗಳು, ಮೊಂತೆವಿದೆಯೊದಲ್ಲಿ ನಡುಚಳಿಗಾಲ.
ಕಡಲೆಂದು ನಾವು ಕರೆಯುವ ಹೊಳೆಯಿಂದ ಗಾಳಿ ಎದ್ದು
ಬಾಗಿಲ ಸಂದಿಯಲ್ಲಿ ಸಿಳ್ಳೆ ಹಾಕುತ್ತದೆ.
ಕಂಕುಳಲ್ಲಿ ಬಿಸಿನೀರ ಫ್ಲಾಸ್ಕು,
ಕೈಯಲ್ಲಿ ಕಹಿಸೊಪ್ಪಿನ ಕಷಾಯದ ಸೋರೆಬುರುಡೆ,
ಹಾಗೇ ಒಳಗೆ ಬಿಡು ಎನ್ನುತ್ತಾರೆ. ಬಿಡುತ್ತೇನೆ.

ಈ ವಾರದ ಚಿತ್ರ ಒಬ್ಬ ಮುದುಕನದು.
ಸಿನಿಮಾ ಮಾಡುತ್ತಿದ್ದವನು, ಈಗ ಮಾಡದವನು.
ಗಂಡಸರನ್ನು ಪ್ರೀತಿಸಿದವನು,
ಅವರಲ್ಲಿ ಒಬ್ಬನನ್ನು ಜೀವ ತೇಯುವಷ್ಟು,
ಆ ಒಬ್ಬನ ಜೊತೆಗೇ ನೆಟ್ಟಗೆ ನಡೆದುಕೊಳ್ಳದವನು.
ಹೆಚ್ಚೇನೂ ನಡೆಯುವುದಿಲ್ಲ. ಗುಳಿಗೆಯ ಡಬ್ಬಿ. ಬೆಕ್ಕು.
ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ, ಇನ್ನೂ ತೊಳೆಸದ ಒಂದು ರೀಲು.
ಒಂದು ಅಪರಾತ್ರಿ, ಫೋನು.
ಅವನು ಕತ್ತಲಲ್ಲಿ ತಡಕಾಡಿ
ಲೋಟದಿಂದ ಹಲ್ಲುಸೆಟ್ಟು ತೆಗೆದು, ನೀರು ಕೊಡವಿ,
ಬಾಯಿಗಿಟ್ಟು, ಅಂಗೈಯಿಂದ ತಲೆ ನೇವರಿಸಿಕೊಂಡು
ಆಮೇಲೆ ಎತ್ತುತ್ತಾನೆ.
ಅಷ್ಟು ಹೊತ್ತೂ ಅದು ಹೊಡೆದುಕೊಳ್ಳುತ್ತಲೇ ಇರುತ್ತದೆ.

ಇಲ್ಲಿ ನಗುತ್ತಾರೆ. ಪ್ರತಿ ಆಟಕ್ಕೂ.
ಪಡಸಾಲೆಯ ಪರದೆಯಾಚೆ ನಿಂತು ಕೇಳಿದ್ದೇನೆ:
ಮೊದಲು ಹಿಂದಿನ ಸಾಲು, ಆಮೇಲೆ ಬಲಗಡೆ,
ಆಮೇಲೆ ಯಾವುದೋ ಒಂದು ನಗು ಅರ್ಧದಲ್ಲೇ ನಿಂತುಬಿಡುತ್ತದೆ,
ಎಡವಿ ಬಿದ್ದ ಮಗು ಅಳಲೋ ಬೇಡವೋ ಎಂದು
ಸುತ್ತ ಮುಖಗಳನ್ನು ನೋಡುವ ಹಾಗೆ.

ಬಿಟ್ಟ ಮೇಲೆ ಕೋಟು ಹುಡುಕುತ್ತ ಮಾತು.
ಮಾಂಸದಂಗಡಿ ಮಾರಿ ಮನೆ ಸೇರಿದ ಎರ್ಮೆನೆಹಿಲ್ದೊ:
"ಎರಡು ಗಂಟೆ! ಕತೆ ಎಲ್ಲಿ?
ನನ್ನ ಮಂಡಿಯಲ್ಲಿ ಇದಕ್ಕಿಂತ ಹೆಚ್ಚು ಕತೆಯಿದೆ."
ಅವನ ಹೆಂಡತಿ ತುಟಿ ಬಿಚ್ಚದೆ
ಎಡದ ಗವಸನ್ನು ಬಲಗೈಗೆ ಹಾಕಿಕೊಳ್ಳುತ್ತಿದ್ದಳು.
ಔಷಧದಂಗಡಿಯ ಓಲಿಂದಾ ತಡೆದು ನಿಲ್ಲಿಸಿ,
ಆ ಹಳದಿ ಗುಳಿಗೆ ಎದೆನೋವಿನದಲ್ಲ, ಮೂತ್ರದ್ದು ಎಂದಳು,
ಅಷ್ಟೂ ಗೊತ್ತಿಲ್ಲದವರು ಸಿನಿಮಾ ಯಾಕೆ ಮಾಡಬೇಕು ಎಂದಳು,
ಕಣ್ಣು ಕೆಂಡದಂತೆ ಕೆಂಪಾಗಿದ್ದವು.

ನೀಲಿ ಕೂದಲಿನ ಇಬ್ಬರು ಹುಡುಗರು,
ಯಾರ ಅಂಜಿಕೆಯೂ ಇಲ್ಲದೆ ಕೈಗೆ ಕೈ ಹೆಣೆದು:
"ಹೇಡಿ. ಆ ಕಾಲದಲ್ಲೇ ಬಾಯಿಬಿಟ್ಟು ಹೇಳಬಹುದಿತ್ತು."
ಆ ಕಾಲ ಅಂದರೆ ಅವರಿಗೆ ಅಗಲ ಕಾಲಿನ ಪ್ಯಾಂಟು.
ನನಗೆ, ದೀಪ ಆರಿಸಿ ಮೂಲೆಯಲ್ಲಿ ನಿಂತ ಹಸಿರು ಲಾರಿ,
ಮಾರನೆಯ ದಿನ ಕೆಲಸಕ್ಕೆ ಬಾರದ ಪ್ರೊಜೆಕ್ಟರಿನ ಹುಡುಗ.
ಹೇಳಬೇಕೆಂದಿದ್ದೆ. ಆ ಹೆಣೆದ ಬೆರಳು ನೋಡುತ್ತ
ಹೇಳಲು ಬಾಯಿ ಬರಲಿಲ್ಲ.
ಬಾಗಿಲು ಹಿಡಿದೆ, ಗಾಳಿ ಅವರ ಮುಖಕ್ಕೆ ಬಡಿಯದಂತೆ.

ಇನ್ನೊಬ್ಬನಿದ್ದ. ಸೋಮವಾರ ಬಂದ, ಮಂಗಳವಾರ,
ಬುಧವಾರ ಅರ್ಧ ಬೆಲೆಗೆ, ಇವತ್ತು ಮತ್ತೆ.
ಇಸ್ತ್ರಿ ಮಾಡಿದ ಕರವಸ್ತ್ರ, ಅದನ್ನು ಒಮ್ಮೆಯೂ ಬಳಸಿದ್ದಿಲ್ಲ.
ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದು,
ಗುಟ್ಟು ಕೇಳುವವನಂತೆ:
"ಫೋನು ಎಷ್ಟು ಸಲ ಹೊಡೆದುಕೊಂಡಿತು, ಎಣಿಸಿದಿರಾ?"
ಇಲ್ಲ ಎಂದೆ.
"ಏಳು," ಎಂದ. "ನಾನು ನಾಲ್ಕಕ್ಕೇ ಇಟ್ಟುಬಿಟ್ಟೆ.
ನಿದ್ದೆಯಲ್ಲಿರಬಹುದು ಅಂದುಕೊಂಡೆ.
ಜೊತೆಗೆ ಯಾರೋ ಇರಬಹುದು ಅಂದುಕೊಂಡೆ.
ಹಲ್ಲಿನ ವಿಷಯ ಹೊಳೆಯಲೇ ಇಲ್ಲ ನೋಡಿ."
ನಕ್ಕ. ತನ್ನವು ಅಲುಗದಂತೆ ತುಟಿ ಬಿಗಿಹಿಡಿದು.

ನಾಳೆಯಿಂದ ಪೆಂಗ್ವಿನ್ನುಗಳ ಚಿತ್ರ, ಮಕ್ಕಳದು, ಎಂದು ತಿಳಿಸಿದೆ.
ಹಾಗಾದರೆ ರಾತ್ರಿಯಾಟಕ್ಕೂ ಒಂದು ಹರಿಯಿರಿ ಎಂದ.

ದೀಪ ಆರಿತು. ಈ ಸಲ ನಾನೂ ಒಳಗೇ ನಿಂತೆ,
ಗೋಡೆಗೆ ಬೆನ್ನು ಕೊಟ್ಟು, ಬೆರಳು ಮಡಿಸುತ್ತ.
ನನ್ನ ಎಣಿಕೆಗೆ ಆರೇ ಬಂತು.
ಇನ್ನೊಂದಿತ್ತೋ ಏನೋ,
ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ನಗತೊಡಗಿದ್ದರು.